ಪಿಕಪ್ ಗಾಡಿಯಲ್ಲಿ ಕೆಲಸಕ್ಕೆ ಬರತಕ್ಕದ್ದು ಯಾವುದು, ಬಾರದ್ದು ಯಾವುದು?



ಈ ಹೊತ್ತಿನ ಮಾತು ಬೀಜದ್ದಲ್ಲ, ಗೊಬ್ಬರದ್ದಲ್ಲ, ಗಾಡಿಯದು. ಕೃಷಿ ಇಲಾಖೆಯವನಿಗೆ ಮೋಟಾರು ಗಾಡಿಯ ಉಸಾಬರಿ ಯಾಕೆ ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಆದರೆ ಬೆಳೆದ ಮಾಲು ಹೊಲದಲ್ಲಿದ್ದರೆ ದುಡ್ಡಲ್ಲ, ಮಂಡಿಗೆ ಹೋಗಿ ಹರಾಜು ಆದರೆ ದುಡ್ಡು. ಆ ನಡುವಿನ ದಾರಿಗೆ ಈಗ ಎತ್ತಿನ ಗಾಡಿ ಸಾಲದು. ಹಳ್ಳಿಹಳ್ಳಿಯಲ್ಲೂ ಪಿಕಪ್ ಬಂದಿದೆ, ಬಹಳ ಮಟ್ಟಿಗೆ ಸಾಲದ ಮೇಲೆ ಬಂದಿದೆ. ಸಾಲ ತೀರಿಸಬೇಕಾದದ್ದು ಬೆಳೆ. ಹಾಗಾಗಿ ಇದು ನಮ್ಮ ಉಸಾಬರಿಯೂ ಹೌದು.

ಕೋಲಾರದ ಕಡೆಯವರಿಗೆ 2023ರ ಜುಲೈ ತಿಂಗಳು ಮರೆತಿರಲಾರದು. 15 ಕಿಲೋ ಟೊಮೇಟೊ ಬಾಕ್ಸು 2,000 ರೂಪಾಯಿ ದಾಟಿ ಹೋಯಿತು. ಅದೇ ಬಾಕ್ಸನ್ನು ಕೇಳುವವರಿಲ್ಲದೆ ರಸ್ತೆಬದಿಗೆ ಸುರಿದು ಬಂದ ದಿನಗಳನ್ನೂ ನಾವು ಕಂಡಿದ್ದೇವೆ. ರೇಟು ಏರಿದ ವಾರದಲ್ಲಿ ಗಾಡಿ ಕೊಳ್ಳುವ ಮನಸ್ಸಾಗುತ್ತದೆ, ಆದರೆ ಕಂತು ಕಟ್ಟಬೇಕಾದದ್ದು ರೇಟು ಇಳಿದ ತಿಂಗಳಲ್ಲೂ ಸಹ. ಇದನ್ನು ಮೊದಲು ತಲೆಯಲ್ಲಿಟ್ಟುಕೊಂಡು ಮುಂದಿನದನ್ನು ಕೇಳಿ.

ಕೆಲವು ತಿಂಗಳ ಹಿಂದೆ ನಮ್ಮ ರೈತ ಸಂಪರ್ಕ ಕೇಂದ್ರಕ್ಕೆ ಒಬ್ಬ ಯಜಮಾನರು ಬಂದರು. ಮೂರು ಎಕರೆ ಟೊಮೇಟೊ, ಒಂದೆಕರೆ ಸೇವಂತಿಗೆ ಇರುವವರು. ಜೇಬಿನಿಂದ ಎರಡು ಮಡಿಸಿದ ಕಾಗದ ತೆಗೆದು ನನ್ನ ಮೇಜಿನ ಮೇಲೆ ಹರವಿದರು.

"ಸಾರ್, ಗಾಡಿ ಒಂದೇ, ಎಂಜಿನ್ನೂ ಒಂದೇ. ಇದಕ್ಕಿಂತ ಇದು 70,000 ಜಾಸ್ತಿ. ಹುಡುಗ ದೊಡ್ಡದೇ ಬೇಕು ಅಂತಾನೆ. ಏನಿದೆ ಇದರಾಗೆ ಅಂಥಾದ್ದು?"

"ಯಜಮಾನರೇ, ನಾನು ಸಸಿಮಡಿಯವನು, ಶೋರೂಮಿನವನಲ್ಲ" ಅಂದೆ.

"ಗೊತ್ತು ಬಿಡಿ. ಶೋರೂಮಿನವರನ್ನು ಕೇಳಿದರೆ ಎಲ್ಲಾನೂ ಬೇಕು ಅಂತಾರೆ. ಅದಕ್ಕೇ ನಿಮ್ಮ ಹತ್ರ ಬಂದೆ."

ಕಾಗದದ ಹಿಂಬದಿಯಲ್ಲೇ ಲೆಕ್ಕ ಹಾಕಿದೆವು. ನೂರಕ್ಕೆ ಹತ್ತರ ಬಡ್ಡಿಯಲ್ಲಿ ಐದು ವರ್ಷದ ಸಾಲಕ್ಕೆ ಆ 70,000 ಸೇರಿಸಿದರೆ ತಿಂಗಳ ಕಂತು ಸುಮಾರು 1,490 ರೂಪಾಯಿ ಏರುತ್ತದೆ. ಐದು ವರ್ಷದಲ್ಲಿ ಕಟ್ಟುವುದು ಸುಮಾರು 89,000. ಬಾಕ್ಸಿಗೆ ನೂರು ರೂಪಾಯಿ ಸಿಗುವ ಕಾಲದಲ್ಲಿ ಅದು 890 ಬಾಕ್ಸು ಟೊಮೇಟೊ. ಯಜಮಾನರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಇಬ್ಬರೂ ಕೂತು ಕಾಗದದಲ್ಲಿ ಬರೆದಿದ್ದ ಒಂದೊಂದು ಸೌಕರ್ಯವನ್ನೂ ಹಿಡಿದು ಜರಡಿ ಆಡಿದೆವು. ಗೊತ್ತಿಲ್ಲದ್ದನ್ನು ಗಾಡಿ ಇಟ್ಟುಕೊಂಡವರನ್ನೂ ಗ್ಯಾರೇಜಿನವರನ್ನೂ ಕೇಳಿ ತಿಳಿದುಕೊಂಡೆ. ಅದನ್ನೇ ಇಲ್ಲಿ ಹೇಳುತ್ತೇನೆ.

ಮೊಟ್ಟಮೊದಲು ಹೊರೆ. ಪಿಕಪ್ಪುಗಳು ಮುಕ್ಕಾಲು ಟನ್ನು ಹೊರುವ ಸಣ್ಣ ಗಾಡಿಯಿಂದ ಹಿಡಿದು ಎರಡು ಟನ್ನಿನ ಹತ್ತಿರದವರೆಗೂ ಬರುತ್ತವೆ. 2005ರಲ್ಲಿ ಟಾಟಾ ಏಸ್ ಬಂದಾಗ ನೆರೆಯ ತಮಿಳುನಾಡಿನ ಜನ ಅದನ್ನು ಕುಟ್ಟಿ ಯಾನೈ, ಅಂದರೆ ಮರಿಯಾನೆ ಅಂತ ಕರೆದರು. ಹೆಸರು ಆನೆಯದಾದರೂ ಹೊರೆಗೆ ಮಿತಿ ಇದ್ದೇ ಇದೆ. ಆ ಮಿತಿ ಎಷ್ಟು ಎಂಬುದು ಶೋರೂಮಿನವರ ಬಾಯಲ್ಲಿ ಅಲ್ಲ, ಆರ್.ಸಿ. ಪುಸ್ತಕದಲ್ಲಿ ಇರುತ್ತದೆ. ಅದರಲ್ಲಿ ಎರಡು ತೂಕ ಬರೆದಿರುತ್ತಾರೆ: ಬರಿಗಾಡಿಯ ತೂಕ, ಹೊರೆ ಸಹಿತ ತೂಕ. ಎರಡನೆಯದರಲ್ಲಿ ಮೊದಲನೆಯದನ್ನು ಕಳೆದರೆ ಉಳಿಯುವುದೇ ನೀವು ಏರಬಹುದಾದ ತೂಕ. ಇದರಲ್ಲಿ ಮನುಷ್ಯರೂ ಸೇರುತ್ತಾರೆ.

ಒಂದು ಗಾಡಿಗೆ 1,300 ಕಿಲೋ ಉಳಿಯಿತು ಅನ್ನಿ. ಡ್ರೈವರು, ಜೊತೆಗೊಬ್ಬರು ಅಂತ 140 ಕಿಲೋ ಕಳೆಯಿರಿ. ಉಳಿದದ್ದು 1,160. ಪ್ಲಾಸ್ಟಿಕ್ ಕ್ರೇಟಿನ ತೂಕವೂ ಸೇರಿ ಟೊಮೇಟೊ ಬಾಕ್ಸು ಒಂದಕ್ಕೆ 17 ಕಿಲೋ ಹಿಡಿದರೆ 68 ಬಾಕ್ಸು ಆಯಿತು. ನಾವು ಏರುತ್ತಿರುವುದೆಷ್ಟು? ನೂರಿಪ್ಪತ್ತು ಏರಿದ ಗಾಡಿ ನನ್ನ ಕಣ್ಣೆದುರೇ ಹೋಗಿದೆ. ಅಂದರೆ 880 ಕಿಲೋ ಹೆಚ್ಚು. ಒಂದು ಗಾಡಿಯ ಮೇಲೆ ಇನ್ನೊಂದು ಮರಿಯಾನೆಯ ಹೊರೆ! 2019ರಲ್ಲಿ ಮೋಟಾರು ವಾಹನ ಕಾಯಿದೆ ತಿದ್ದುಪಡಿ ಆದಮೇಲೆ ಮಿತಿ ಮೀರಿದ ಹೊರೆಗೆ ಕಾಯಿದೆ ಹೇಳುವ ದಂಡ 20,000 ರೂಪಾಯಿ, ಜೊತೆಗೆ ಹೆಚ್ಚುವರಿ ಟನ್ನೊಂದಕ್ಕೆ 2,000. ಆದರೆ ದಂಡಕ್ಕಿಂತ ಬ್ರೇಕಿನ ಮಾತು ದೊಡ್ಡದು. ಅದನ್ನೀಗ ಹೇಳುತ್ತೇನೆ.

ಪಿಕಪ್ಪಿನ ಕೆಳಗೆ ಬಗ್ಗಿ ನೋಡಿ. ಕೆಲವು ಗಾಡಿಗಳಲ್ಲಿ ಹಿಂದಿನ ಅಚ್ಚಿನ ಹತ್ತಿರ ಒಂದು ತೆಳ್ಳನೆಯ ಕಂಬಿ, ಅದರ ತುದಿಗೆ ಒಂದು ವಾಲ್ವು ಇರುತ್ತದೆ. ಕಂಡರೆ ಏನೋ ಅಡ್ಡಾದಿಡ್ಡಿ ತಗುಲಿಸಿದ ಹಾಗಿರುತ್ತದೆ. ನನಗೆ ಗೊತ್ತಿರುವ ಒಬ್ಬರು, ಕಲ್ಲಿಗೆ ತಾಗಿ ಕಂಬಿ ಬಗ್ಗಿತು ಅಂತ, ಅದನ್ನು ಬಿಚ್ಚಿ ಕೊಟ್ಟಿಗೆಯ ಅಟ್ಟಕ್ಕೆ ಎಸೆದಿದ್ದರು. "ಬೇಡದ ಸಾಮಾನು ಸಾರ್, ಅದಿಲ್ದೇನೂ ಗಾಡಿ ಓಡ್ತದೆ" ಅಂದರು. ಓಡುತ್ತದೆ, ನಿಜ. ನಿಲ್ಲುವುದು ಹೇಗೆ?

ಆ ಕಂಬಿಯ ಕೆಲಸ ಇಷ್ಟು. ಬರಿಗಾಡಿಯ ಹಿಂಭಾಗ ಹಗುರ. ಜೋರಾಗಿ ಬ್ರೇಕು ಒತ್ತಿದರೆ ಹಿಂದಿನ ಚಕ್ರಗಳು ಕಚ್ಚಿಕೊಂಡು ಜಾರುತ್ತವೆ, ಗಾಡಿ ಅಡ್ಡ ತಿರುಗುತ್ತದೆ. ಆದ್ದರಿಂದ ಬರಿಗಾಡಿಯಲ್ಲಿ ಹಿಂದಿನ ಬ್ರೇಕಿಗೆ ಒತ್ತಡ ಕಡಿಮೆ ಹೋಗಬೇಕು. ಹೊರೆ ಬಿದ್ದಾಗ ಹೆಚ್ಚು ಹೋಗಬೇಕು. ಹೊರೆ ಬಿದ್ದಿದೆಯೋ ಇಲ್ಲವೋ ವಾಲ್ವಿಗೆ ಹೇಗೆ ತಿಳಿಯಬೇಕು? ಹೊರೆ ಬಿದ್ದರೆ ಕಮಾನ್ ಪಟ್ಟಿ ಬಗ್ಗಿ ಬಾಡಿ ಕೆಳಗೆ ಕೂರುತ್ತದೆ, ಅಚ್ಚಿಗೂ ಬಾಡಿಗೂ ನಡುವಿನ ಅಂತರ ಕಡಿಮೆಯಾಗುತ್ತದೆ, ಕಂಬಿ ಆ ಸುದ್ದಿಯನ್ನು ವಾಲ್ವಿಗೆ ಮುಟ್ಟಿಸುತ್ತದೆ. ಅಷ್ಟೆ.

ಈಗ ನಮ್ಮ ಕಡೆ ನಡೆಯುವ ರೂಢಿಯನ್ನು ನೋಡಿ. ಹೊಸ ಗಾಡಿ ಮನೆಗೆ ಬಂದ ವಾರದೊಳಗೆ ಕಮಾನಿಗೆ ಇನ್ನೊಂದೆರಡು ಪಟ್ಟಿ ಹಾಕಿಸುತ್ತೇವೆ, ಲೋಡು ತಡೆಯಲಿ ಅಂತ. ಪಟ್ಟಿ ಹೆಚ್ಚಾದ ಮೇಲೆ ಬಾಡಿ ಕೂರುವುದಿಲ್ಲ. ಬಾಡಿ ಕೂರದಿದ್ದರೆ ಕಂಬಿ ಬಾಗುವುದಿಲ್ಲ. ಮೇಲೆ ಎರಡು ಟನ್ನು ಹೇರಿದ್ದರೂ ವಾಲ್ವಿನ ಲೆಕ್ಕದಲ್ಲಿ ಗಾಡಿ ಖಾಲಿ! ಹಿಂದಿನ ಬ್ರೇಕು ಅರ್ಧಂಬರ್ಧ ಹಿಡಿಯುತ್ತದೆ, ಮುಂದಿನ ಬ್ರೇಕಿನ ಮೇಲೇ ಎಲ್ಲ ಭಾರ ಬಿದ್ದು, ಇಳಿಜಾರಿನಲ್ಲಿ ಅದು ಕಾದು ಸಡಿಲವಾಗುತ್ತದೆ. "ಲೋಡಿದ್ದಾಗ ಬ್ರೇಕು ಸ್ವಲ್ಪ ತಡ ಹಿಡಿತದೆ, ಅದು ಆ ಕಂಪನಿಯ ಗುಣ" ಅಂತ ಹೇಳಿಕೊಂಡು ತಿರುಗುವವರನ್ನು ಕಂಡಿದ್ದೇನೆ. ಕಂಪನಿಯ ಗುಣವಲ್ಲ, ನಾವು ಹಾಕಿಸಿದ ಪಟ್ಟಿಯ ಗುಣ. ಹೆಚ್ಚು ಹೊರುವ ಅವಶ್ಯಕತೆ ನಿಜವಾಗಿ ಇದ್ದರೆ ಹೆಚ್ಚು ಹೊರುವ ಗಾಡಿಯನ್ನೇ ಕೊಳ್ಳಿ. ಬ್ರೇಕು, ಟೈರು, ಅಚ್ಚು, ಎಲ್ಲವೂ ಆ ಹೊರೆಗೆ ತಕ್ಕ ಹಾಗೆ ಬಂದಿರುತ್ತವೆ. ಈಗಾಗಲೇ ಪಟ್ಟಿ ಹಾಕಿಸಿದ್ದರೆ, ಅದನ್ನು ತೆಗೆಸಿ ವಾಲ್ವಿನ ಅಳತೆಯನ್ನು ಕಂಪನಿಯ ಗ್ಯಾರೇಜಿನಲ್ಲಿ ಸರಿಪಡಿಸಿಕೊಳ್ಳಿ. ಕಂಬಿ ಎಸೆದ ನಮ್ಮ ಗೆಳೆಯರು ಅದನ್ನು ಅಟ್ಟದಿಂದ ಇಳಿಸಿದರು, ಬಗ್ಗಿದ್ದು ನೆಟ್ಟಗಾಗಲಿಲ್ಲ, ಹೊಸದನ್ನೇ ಹಾಕಿಸಿದರು.

ಇದೇ ಜಾತಿಯ ಇನ್ನೊಂದು ವಸ್ತು ಸ್ಟೇರಿಂಗಿನ ಪಕ್ಕದಲ್ಲಿ ಇರುತ್ತದೆ. ಸಣ್ಣ ಗಾಲಿಯ ಹಾಗಿರುವ ಗುಂಡಿ, ಅದರ ಮೇಲೆ 0, 1, 2, 3 ಅಂತ ಅಂಕಿ. ಅದೇನೆಂದು ಹತ್ತು ಜನ ಮಾಲೀಕರನ್ನು ಕೇಳಿದೆ. ರೇಡಿಯೋದ್ದು ಅಂತ ಒಬ್ಬರು, ಏನೋ ಕೆಟ್ಟುಹೋಗಿದೆ, ತಿರುಗಿಸಿದರೂ ಏನೂ ಆಗೋದಿಲ್ಲ ಅಂತ ಇಬ್ಬರು. ಸರಿಯಾಗಿ ಹೇಳಿದವರು ಒಬ್ಬರೇ, ಅವರು ಹಿಂದೆ ಲಾರಿ ಓಡಿಸಿದವರು. ಹಿಂದೆ ಹೊರೆ ಬಿದ್ದಾಗ ಗಾಡಿಯ ಮೂತಿ ಮೇಲೇಳುತ್ತದೆ, ಅದರ ಜೊತೆ ಲೈಟೂ ಮೇಲೇಳುತ್ತದೆ. ಬೆಳಕು ಎದುರಿನವರ ಕಣ್ಣಿಗೆ ಹೊಡೆಯುತ್ತದೆ, ನಮ್ಮ ರಸ್ತೆ ಕತ್ತಲಾಗಿಯೇ ಉಳಿಯುತ್ತದೆ. ಆ ಗುಂಡಿಯನ್ನು ದೊಡ್ಡ ಅಂಕಿಯ ಕಡೆಗೆ ತಿರುಗಿಸಿದರೆ ಲೈಟು ಕೆಳಗಿಳಿಯುತ್ತದೆ. ಖಾಲಿ ಬರುವಾಗ ಮತ್ತೆ 0ಗೆ ತರಬೇಕು. ನಮ್ಮ ಮಾಲು ಹೊರಡುವುದೇ ರಾತ್ರಿ ಎರಡು, ಮೂರು ಗಂಟೆಗೆ. ಬೆಳಗಿನ ಜಾವದ ರಸ್ತೆಯಲ್ಲಿ ದನ, ಹಾಲಿನ ಡೈರಿಗೆ ಹೊರಟವರು, ಲೈಟಿಲ್ಲದ ಟ್ರ್ಯಾಕ್ಟರಿನ ಟ್ರೈಲರು ಎಲ್ಲಾ ಇರುತ್ತವೆ. ಕಾಸು ಕೊಡದೆ ಬಂದ ಗುಂಡಿ ಇದು. ಇವತ್ತೇ ತಿರುಗಿಸಿ ನೋಡಿ.

ಇನ್ನು ಬಾಡಿ. ಇದರಲ್ಲಿ ನನ್ನ ಮಾತಿಗಿಂತ ಆ ಯಜಮಾನರ ಮನೆಯ ಹಿರಿಯ ಹೆಂಗಸಿನ ಮಾತು ಮುಖ್ಯ. ಅವರ ಮನೆಗೆ ಹೋಗಿದ್ದಾಗ ಆಕೆ ಕೇಳಿದರು, "ಅದೇನಪ್ಪಾ ಆಪೀಸರೇ, ಉದ್ದ ಎಷ್ಟು, ಅಗಲ ಎಷ್ಟು ಅಂತ ಕೇಳ್ತೀರಿ. ಎತ್ತರ ಎಷ್ಟು ಅಂತ ಯಾರಾದರೂ ಕೇಳಿದ್ರಾ? ಬಾಕ್ಸು ಎತ್ತಿಕೊಡೋರು ನಾವು." ನಾನು ಸುಮ್ಮನಾದೆ. ನಿಜ, ನಾನೂ ಕೇಳಿರಲಿಲ್ಲ. ಬಾಡಿಯ ನೆಲ ಸೊಂಟದ ಮಟ್ಟಕ್ಕೆ ಇದ್ದರೆ ಒಂದು ಕೆಲಸ, ಎದೆಯ ಮಟ್ಟಕ್ಕೆ ಇದ್ದರೆ ಎರಡರಷ್ಟು ಕೆಲಸ. ದಿನಕ್ಕೆ ಎಪ್ಪತ್ತು ಬಾಕ್ಸು ಎತ್ತುವವರ ನಡು, ರಟ್ಟೆ ಇದಕ್ಕೆ ಸಾಕ್ಷಿ. ಗಾಡಿ ನೋಡಲು ಹೋಗುವಾಗ ಮನೆಯಲ್ಲಿ ಲೋಡು ಮಾಡುವವರನ್ನೂ ಕರೆದುಕೊಂಡು ಹೋಗಿ, ಶೋರೂಮಿನಲ್ಲೇ ಒಂದು ಬಾಕ್ಸು ಎತ್ತಿ ಇಟ್ಟು ನೋಡಲಿ. ನಾಚಿಕೆ ಪಡಬೇಕಾದದ್ದೇನೂ ಇಲ್ಲ, ದುಡ್ಡು ಕೊಡುವವರು ನೀವು.

ಮೂರು ಕಡೆ ಬಾಗಿಲು ಬಿಚ್ಚುವ ಬಾಡಿ ತರಕಾರಿಯವರಿಗೆ ಬಹಳ ಅನುಕೂಲ. ಮಂಡಿಯಲ್ಲಿ ಗಾಡಿಗಳು ಒತ್ತೊತ್ತಾಗಿ ನಿಂತಿರುವಾಗ ಹಿಂಬಾಗಿಲು ತೆಗೆಯಲು ಜಾಗ ಸಿಗದು, ಪಕ್ಕದಿಂದ ಇಳಿಸಬೇಕು. ಬಾಡಿಯ ಹೊರಗೆ ಹಗ್ಗ ಕಟ್ಟುವ ಕೊಕ್ಕೆಗಳು ಎಷ್ಟಿವೆ, ಗಟ್ಟಿಯಾಗಿವೆಯೇ ಎಂಬುದನ್ನೂ ಕೈಯಿಂದ ಎಳೆದು ನೋಡಿ. ಕೊಕ್ಕೆ ಕಡಿಮೆಯಾದರೆ ಟಾರ್ಪಾಲು ಗಾಳಿಗೆ ಪಟಪಟ ಬಡಿದು ಎರಡೇ ಸುಗ್ಗಿಗೆ ಹರಿಯುತ್ತದೆ.

ಉದ್ದದ ವಿಷಯದಲ್ಲಿ ಮಾತ್ರ ಮೋಸ ಹೋಗಬೇಡಿ. ಉದ್ದ ಬಾಡಿ ಹೂವಿನವರಿಗೆ, ಸೊಪ್ಪಿನವರಿಗೆ, ಮೇವು ಸಾಗಿಸುವವರಿಗೆ ಒಳ್ಳೆಯದು, ಯಾಕೆಂದರೆ ಆ ಮಾಲಿಗೆ ಜಾಗ ಬೇಕು, ತೂಕ ಇಲ್ಲ. ರೇಷ್ಮೆಗೂಡಿನವರಿಗೂ ಅಷ್ಟೆ, ಗೂಡನ್ನು ಒತ್ತಿ ತುಂಬದೆ ಗಾಳಿಯಾಡುವ ಹಾಗೆ ಸಾಗಿಸಬೇಕು. ಟಾರ್ಪಾಲು ಬಿಗಿದು ಬೇಯಿಸಿದ ಗೂಡು ರೀಲಿಗೆ ಚೆನ್ನಾಗಿ ಬಿಚ್ಚದು. ಆದರೆ ಟೊಮೇಟೊ, ಆಲೂಗಡ್ಡೆಯಂಥ ಭಾರದ ಮಾಲಿನವರಿಗೆ ಉದ್ದ ಬಾಡಿ ಒಂದು ಆಸೆ. ಜಾಗ ಇದೆಯಲ್ಲ ಅಂತ ತುಂಬುತ್ತೇವೆ. ಅದರಲ್ಲೂ ಹಿಂದಿನ ಅಚ್ಚಿನಿಂದಾಚೆ ಚಾಚಿಕೊಂಡ ಭಾಗದಲ್ಲಿ ಭಾರ ಬಿದ್ದರೆ ಏತದ ಮರದ ಹಾಗೆ ಮುಂಭಾಗ ಮೇಲೇಳುತ್ತದೆ, ಸ್ಟೇರಿಂಗು ತೇಲುತ್ತದೆ. ಭಾರದ ಮಾಲನ್ನು ಯಾವಾಗಲೂ ಕ್ಯಾಬಿನ್ನಿನ ಕಡೆಗೆ ತಳ್ಳಿ ಜೋಡಿಸಬೇಕು. ನಮ್ಮೂರ ಓಣಿಗಳ ತಿರುವಿನಲ್ಲಿ ಉದ್ದ ಗಾಡಿ ಪಡುವ ಪಾಡನ್ನು ನಾನು ಹೇಳಬೇಕಾಗಿಲ್ಲ.

ಬಾಡಿಯ ಬಗ್ಗೆಯೇ ನಮ್ಮ ಇಲಾಖೆಯ ಒಂದು ಮಾತು. ರಸಗೊಬ್ಬರ ತಂದ ಮೇಲೆ ಬಾಡಿಯನ್ನು ಗುಡಿಸಿ ತೊಳೆಯಿರಿ. ಚೆಲ್ಲಿದ ಗೊಬ್ಬರ ತೇವಕ್ಕೆ ಕರಗಿ ತಗಡನ್ನು ತಿನ್ನುತ್ತದೆ. ಕೀಟನಾಶಕದ ಡಬ್ಬಿಯ ಜೊತೆ ತರಕಾರಿ, ದನದ ಹಿಂಡಿ, ಮನೆಯ ದಿನಸಿ ಏರಲೇಬೇಡಿ. ಒಂದು ಡಬ್ಬಿಯ ಮುಚ್ಚಳ ಸಡಿಲವಾದರೆ ಸಾಕು.

ಈಗ ಹೊಗೆಯ ವಿಷಯ. 2020ರ ಏಪ್ರಿಲ್‌ನಿಂದ ಹೊಸ ಗಾಡಿಗಳಿಗೆ ಬಿ.ಎಸ್. 6 ಎಂಬ ನಿಯಮ ಬಂದಿದೆ. ಡೀಸೆಲ್ ಗಾಡಿಯ ಹೊಗೆ ಕೊಳವೆಯಲ್ಲಿ ಮಸಿ ಹಿಡಿದಿಡುವ ಜರಡಿ ಇರುತ್ತದೆ. ಮಾಲೀಕರು ಅತಿ ಹೆಚ್ಚು ಬೈಯುವ ಸಾಮಾನು ಇದೇ. ಬೈಗುಳದಲ್ಲಿ ಅರ್ಧ ನ್ಯಾಯವಿದೆ. ಜರಡಿಯಲ್ಲಿ ತುಂಬಿದ ಮಸಿ ತಾನಾಗಿ ಸುಟ್ಟುಹೋಗಬೇಕಾದರೆ ಕೊಳವೆ ಚೆನ್ನಾಗಿ ಕಾಯಬೇಕು. ಕಾಯಬೇಕಾದರೆ ಗಾಡಿ ಒಂದೇ ಸಮನೆ ಸ್ವಲ್ಪ ದೂರ ಓಡಬೇಕು. ಹೊಲದಿಂದ ಮನೆಗೆ, ಮನೆಯಿಂದ ಡೈರಿಗೆ ಅಂತ ಎರಡು ಮೂರು ಕಿಲೋಮೀಟರೇ ಓಡಿಸುವವರ ಗಾಡಿಯಲ್ಲಿ ಅದು ಕಾಯುವುದೇ ಇಲ್ಲ. ಮಸಿ ಕಟ್ಟುತ್ತದೆ, ಮುಂದಿನ ಫಲಕದಲ್ಲಿ ದೀಪ ಹೊತ್ತುತ್ತದೆ. ಆಗ ಗಾಡಿಯ ಜೊತೆ ಕೊಟ್ಟ ಪುಸ್ತಕದಲ್ಲಿ ಹೇಳಿದ ಹಾಗೆ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಸ್ವಲ್ಪ ಹೊತ್ತು ಓಡಿಸಿ, ನಡುವೆ ಆರಿಸದೆ ಇದ್ದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ದೀಪವನ್ನು ಕಂಡೂ ಕಾಣದ ಹಾಗೆ ಇದ್ದರೆ ಗಾಡಿ ಎಳೆಯುವುದನ್ನೇ ಬಿಡುತ್ತದೆ, ಗ್ಯಾರೇಜಿನ ಖರ್ಚು ದೊಡ್ಡದಾಗುತ್ತದೆ. ನಿಮ್ಮ ಓಡಾಟ ಊರ ಸುತ್ತಮುತ್ತಲೇ ಆದರೆ ಪೆಟ್ರೋಲ್ ಅಥವಾ ಗ್ಯಾಸಿನ ಗಾಡಿಯನ್ನು ಯೋಚಿಸಿ. ಗ್ಯಾಸು ನಿಮ್ಮ ದಾರಿಯಲ್ಲಿ ಸಿಗುತ್ತದೆಯೇ ಎಂದು ಮೊದಲು ನೋಡಿಕೊಂಡು!

ಕೆಲವು ಡೀಸೆಲ್ ಗಾಡಿಗಳಿಗೆ ಡೀಸೆಲ್ಲಿನ ಜೊತೆ ಇನ್ನೊಂದು ಸಣ್ಣ ಟ್ಯಾಂಕು. ಅದಕ್ಕೆ ಯೂರಿಯಾ ದ್ರವ ತುಂಬಬೇಕು. ಇದನ್ನು ಕೇಳಿದೊಡನೆ ನಮ್ಮ ಜನ ಕೇಳುವ ಪ್ರಶ್ನೆ ಒಂದೇ: "ಮನೇಲಿ ಚೀಲಗಟ್ಟಲೆ ಯೂರಿಯಾ ಇದೆಯಲ್ಲ ಸಾರ್, ನೀರಿಗೆ ಕಲಸಿ ಹುಯ್ದರೆ ಆಗಲ್ವಾ?" ಆಗುವುದಿಲ್ಲ. ಖಂಡಿತ ಆಗುವುದಿಲ್ಲ. ಗಾಡಿಯ ದ್ರವ ಅತಿ ಶುದ್ಧವಾದ ಯೂರಿಯಾವನ್ನು ಲವಣ ತೆಗೆದ ನೀರಿನಲ್ಲಿ ನೂರಕ್ಕೆ 32.5ರ ಪ್ರಮಾಣದಲ್ಲಿ ಕರಗಿಸಿ ಮಾಡಿದ್ದು. ಹೊಲದ ಯೂರಿಯಾಕ್ಕೆ 2015ರಿಂದ ಬೇವಿನೆಣ್ಣೆಯ ಲೇಪ ಕಡ್ಡಾಯವಾಗಿದೆ, ನಮ್ಮ ಕೊಳವೆಬಾವಿಯ ನೀರಿನಲ್ಲಿ ಸುಣ್ಣ, ಉಪ್ಪು ಇದ್ದೇ ಇದೆ. ಅದನ್ನು ಹುಯ್ದರೆ ಪಿಚಕಾರಿಯ ಕಣ್ಣು ಕಟ್ಟಿ, ಒಳಗಿನ ಬೆಲೆಬಾಳುವ ಭಾಗ ಹಾಳಾಗುತ್ತದೆ. ರೈತನಿಗೆ ರಿಯಾಯಿತಿಯಲ್ಲಿ ಬಂದ ಯೂರಿಯಾ ಬೆಳೆಗೆ ಮಾತ್ರ ಎಂಬುದು ಬೇರೆ ಮಾತು.

ಪವರ್ ಸ್ಟೇರಿಂಗು ಬೇಕು. ಅದಿಲ್ಲದ ಹಳೆಯ ಗಾಡಿಯನ್ನು ಲೋಡು ಸಮೇತ ಕೆಸರು ಹೊಲದಲ್ಲಿ ತಿರುಗಿಸಿದವರು ಇದಕ್ಕೆ ಎದುರು ಮಾತಾಡುವುದಿಲ್ಲ.

ಎ.ಸಿ. ಬಗ್ಗೆ ನನ್ನ ಅಭಿಪ್ರಾಯ ಬದಲಾಗಿದೆ ಅಂತ ಒಪ್ಪಿಕೊಳ್ಳಬೇಕು. ಮೊದಲು ಅದನ್ನು ಶೋಕಿ ಅಂತಲೇ ಎಣಿಸಿದ್ದೆ. 2025ರ ಅಕ್ಟೋಬರಿನಿಂದ ತಯಾರಾಗುವ ದೊಡ್ಡ ಲಾರಿಗಳ ಕ್ಯಾಬಿನ್ನಿಗೆ ಎ.ಸಿ. ಕಡ್ಡಾಯ ಮಾಡಿದ್ದಾರೆ, ಹೊರೆ ಸಹಿತ ಮೂರೂವರೆ ಟನ್ನಿನೊಳಗಿನ ನಮ್ಮ ಪಿಕಪ್ಪುಗಳಿಗೆ ಅಲ್ಲ. ಎಂಜಿನ್ನು ಸೀಟಿನ ಕೆಳಗೇ ಇರುವ ಗಾಡಿಯಲ್ಲಿ ಬೇಸಿಗೆ ಮಧ್ಯಾಹ್ನ ಕೂತು ನೋಡಿದ ಮೇಲೆ ನನ್ನ ಮಾತನ್ನು ವಾಪಸು ತೆಗೆದುಕೊಂಡೆ. ಚೆನ್ನೈನಂಥ ದೂರದ ಮಂಡಿಗೆ ಹೋಗಿ ಹಗಲಲ್ಲಿ ವಾಪಸು ಬರುವವರಿಗೆ ಅದು ನಿದ್ದೆ, ಆಯಾಸ ತಡೆಯುವ ಸಾಧನ. ಬೆಳಗಿನ ಜಾವ ಹೋಗಿ ಹತ್ತು ಗಂಟೆಗೆ ಮನೆ ಸೇರುವವರಿಗೆ ಬೇಕಿಲ್ಲ.

ಕಾಗದದಲ್ಲಿ ಇದ್ದ ಉಳಿದ ಹೊಳಪಿನ ಸಾಮಾನುಗಳು: ಬೆರಳಿನಿಂದ ಮುಟ್ಟುವ ಪರದೆ, ಗುಂಡಿ ಒತ್ತಿದರೆ ಇಳಿಯುವ ಕಿಟಕಿ, ಬಣ್ಣದ ಸೀಟು, ಬಂಪರಿನ ಮೇಲೆ ಬೆಳ್ಳಿಯ ಪಟ್ಟಿ. ಇವು ಯಾವುವೂ ಒಂದು ಬಾಕ್ಸನ್ನೂ ಹೊರುವುದಿಲ್ಲ. ಫೋನು ಚಾರ್ಜು ಮಾಡುವ ಕಿಂಡಿ ಬೇಕು, ಮಂಡಿಯ ರೇಟು ಕೇಳುವುದಕ್ಕೆ. ರೇಡಿಯೋ ಇದ್ದರೆ ನಾನು ಬೇಡ ಅನ್ನುವುದಿಲ್ಲ. ನಮ್ಮ ಕಾರ್ಯಕ್ರಮ ಕೇಳುವವರು ಇರಬೇಡವೇ?

ಗಾಡಿ ಎಲ್ಲಿದೆ, ಎಷ್ಟು ಓಡಿತು, ಡೀಸೆಲ್ ಎಷ್ಟಿದೆ ಅಂತ ಫೋನಿನಲ್ಲಿ ತೋರಿಸುವ ಏರ್ಪಾಡು ಕೆಲವು ಕಂಪನಿಗಳವರು ಕೊಡುತ್ತಾರೆ. ಸಂಬಳದ ಡ್ರೈವರನ್ನು ಇಟ್ಟವರಿಗೆ ಪ್ರಯೋಜನ. ತಾವೇ ಓಡಿಸುವವರಿಗೆ ಗಾಡಿ ಎಲ್ಲಿದೆ ಅಂತ ಗೊತ್ತೇ ಇರುತ್ತದಲ್ಲ! ಮೊದಲ ಕೆಲವು ವರ್ಷ ಆದಮೇಲೆ ಅದಕ್ಕೆ ಚಂದಾ ಕಟ್ಟಬೇಕೇ ಎಂದು ಕೇಳಿಕೊಳ್ಳಿ. ಡೀಸೆಲ್ ಉಳಿಸುವ ಗುಂಡಿ ಎಂಬುದೊಂದು ಇದೆ. ಅದು ಎಂಜಿನ್ನಿನ ಎಳೆತವನ್ನು ತಗ್ಗಿಸಿ ಉಳಿಸುತ್ತದೆ, ಆದ್ದರಿಂದ ಖಾಲಿ ಬರುವಾಗ ಹಾಕಿ, ಲೋಡು ಏರಿ ದಿಣ್ಣೆ ಹತ್ತುವಾಗ ತೆಗೆಯಿರಿ. ಗಂಟೆಗೆ 80 ಕಿಲೋಮೀಟರ್ ಮೀರದ ಹಾಗೆ ಸರಕು ಗಾಡಿಗೆ ಹಾಕಿರುವ ತಡೆಯನ್ನು ಬಿಚ್ಚಿಸುವ ಚಪಲ ಹುಡುಗರಿಗೆ ಇರುತ್ತದೆ. ಅದು ಕಾಯಿದೆಗೆ ವಿರುದ್ಧ, ಮೇಲಾಗಿ ಟೊಮೇಟೊ 80ರಲ್ಲಿ ಹೋದರೂ ಕೆಂಪಾಗಿಯೇ ಇರುತ್ತದೆ.

ಹೊಳಪಿನ ಸಾಮಾನುಗಳ ಪಟ್ಟಿಯಲ್ಲೇ ಸೇರಿಸಿ ಮಾರುವ ಒಂದನ್ನು ಮಾತ್ರ ನಾನು ಆ ಗುಂಪಿನಿಂದ ಹೊರಗೆ ತೆಗೆಯುತ್ತೇನೆ. ಗಾಡಿ ಹಿಂದೆ ಬರುವಾಗ ಪೀಂ ಪೀಂ ಅಂತ ಕೂಗುವ ಸಾಧನ, ಹಿಂದೆ ಏನಿದೆ ಎಂದು ತೋರಿಸುವ ಕ್ಯಾಮರಾ. "ನಾನೇನು ಹೊಸಬನೇ, ಕನ್ನಡಿ ನೋಡಿಕೊಂಡು ರಿವರ್ಸ್ ತೆಗಿತೀನಿ" ಅನ್ನುವವರು ಬಹಳ. ಆದರೆ ಬಾಡಿ ತುಂಬ ಬಾಕ್ಸು ಏರಿದ ಮೇಲೆ ಹಿಂದಿನ ಗಾಜಿನಲ್ಲಿ ಏನೂ ಕಾಣದು. ಪಕ್ಕದ ಕನ್ನಡಿಗಳಲ್ಲಿ ಪಕ್ಕ ಕಾಣುತ್ತದೆ, ಹಿಂಬಾಗಿಲಿಗೆ ಒತ್ತಿ ನಿಂತದ್ದು ಕಾಣದು. ನಮ್ಮ ಗಾಡಿಗಳು ನಿಲ್ಲುವುದು ಮನೆಯಂಗಳದಲ್ಲಿ. ಅಂಗಳದಲ್ಲಿ ಆಡುವುದು ಮಕ್ಕಳು. ಮೂರು ವರ್ಷದ ಮಗು ಹಿಂಬಾಗಿಲಿನಷ್ಟು ಎತ್ತರಕ್ಕೂ ಬರುವುದಿಲ್ಲ. ಇದಕ್ಕಿಂತ ಹೆಚ್ಚು ಹೇಳಲಾರೆ. ಸಾಧನ ಇದ್ದರೂ ಕೂಡ ಹಿಂದಕ್ಕೆ ತೆಗೆಯುವಾಗ ಒಬ್ಬರು ಇಳಿದು ನಿಲ್ಲಬೇಕು, ಯಾಕೆಂದರೆ ಕ್ಯಾಮರಾದ ಕಣ್ಣಿಗೆ ಕೆಸರು ಮೆತ್ತಿಕೊಂಡರೆ ಅದೂ ಕುರುಡೇ. ದಿನಾ ಬೆಳಿಗ್ಗೆ ಒದ್ದೆ ಬಟ್ಟೆಯಿಂದ ಒರೆಸಿ.

ಮನುಷ್ಯರ ಮಾತು ಬಂತು, ಇದನ್ನೂ ಸೇರಿಸುತ್ತೇನೆ. ಕಳೆ ತೆಗೆಯುವ, ಕಾಯಿ ಕೀಳುವ ಆಳುಗಳನ್ನು ಹಿಂದಿನ ಬಾಡಿಯಲ್ಲಿ ನಿಲ್ಲಿಸಿಕೊಂಡು ಹೋಗುವುದು ನಮ್ಮಲ್ಲಿ ರೂಢಿ. ಆ ಬಾಡಿಯಲ್ಲಿ ಸೀಟಿಲ್ಲ, ಹಿಡಿಕೆಯಿಲ್ಲ. ಸರಕು ಗಾಡಿಯ ವಿಮೆ ಹಾಗೆ ನಿಂತ ಕೂಲಿಯವರ ಬಾಬ್ತು ಕೊಡಬೇಕಾಗಿಲ್ಲ ಎಂದು ಕಂಪನಿ ವಾದ ಹೂಡುತ್ತದೆ, ಪರಿಹಾರದ ಭಾರ ಮಾಲೀಕನ ಜಮೀನಿನ ಮೇಲೇ ಬೀಳಬಹುದು. ಆಳುಗಳು ಹೆಚ್ಚಿದ್ದರೆ ಎರಡು ಸಾಲು ಸೀಟಿರುವ ಪಿಕಪ್ ಬರುತ್ತದೆ. ಬಾಡಿ ಗಿಡ್ಡ, ಜನಕ್ಕೆ ಜಾಗ. ಅಥವಾ ಆಟೋ ಗೊತ್ತುಮಾಡಿ.

ನಾಲ್ಕೂ ಚಕ್ರಕ್ಕೆ ಎಳೆತ ಇರುವ ಪಿಕಪ್ಪೂ ಬರುತ್ತದೆ. ಬಯಲುಸೀಮೆಯ ನಮಗೆ ಅದು ದಂಡ. ಆದರೆ ಈ ಕಾರ್ಯಕ್ರಮವನ್ನು ಮಲೆನಾಡಿನವರೂ ಕೇಳುತ್ತಾರೆ. ಮಳೆಗಾಲದಲ್ಲಿ ಕಾಫಿ ತೋಟದ ಮಣ್ಣುದಾರಿ ಹತ್ತಬೇಕಾದವರಿಗೆ ಅದು ಕೊಟ್ಟ ಕಾಸಿಗೆ ಸರಿಯಾದ ಸಾಮಾನು. ಡಾಂಬರು ರಸ್ತೆಗೆ ಬಂದೊಡನೆ ಅದನ್ನು ಬಿಡಿಸಬೇಕು. ಇಲ್ಲದಿದ್ದರೆ ತಿರುವುಗಳಲ್ಲಿ ಮುಂದಿನ ಹಿಂದಿನ ಚಕ್ರಗಳು ಒಂದಕ್ಕೊಂದು ಜಗ್ಗಾಡಿ ಹಲ್ಲುಚಕ್ರಗಳು ಸವೆಯುತ್ತವೆ.

ಆ ಯಜಮಾನರು ಕೊನೆಗೆ ಏನು ಮಾಡಿದರು ಎಂದು ಕೇಳುವಿರಿ. ಹೊಳಪು ಕಡಿಮೆಯ ಗಾಡಿಯನ್ನೇ ಕೊಂಡರು, ಆದರೆ ಹೊರುವ ಮಿತಿಯಲ್ಲಿ ಒಂದು ಮೆಟ್ಟಿಲು ದೊಡ್ಡದನ್ನು. 70,000ದಲ್ಲಿ ಸ್ವಲ್ಪ ಅದಕ್ಕೆ ಹೋಯಿತು, ಉಳಿದದ್ದು ಉಳಿಯಿತು. ಕಮಾನಿಗೆ ಪಟ್ಟಿ ಹಾಕಿಸಲಿಲ್ಲ. ಹಿಂದೆ ಬರುವಾಗ ಕೂಗುವ ಸಾಧನವನ್ನು ಪೇಟೆಯಲ್ಲಿ ಬೇರೆಯಾಗಿ ಹಾಕಿಸಿದರು. ಮಗನಿಗೆ ಪರದೆ ಬರಲಿಲ್ಲ ಅಂತ ಒಂದು ವಾರ ಮುನಿಸು ಇತ್ತಂತೆ. ಮೊನ್ನೆ ಸಂತೆಯಲ್ಲಿ ಸಿಕ್ಕ ಆ ಹಿರಿಯ ಹೆಂಗಸು, "ಬಾಡಿ ತಗ್ಗಾಗೇ ಇದೆ ಕಣಪ್ಪಾ, ಆದರೆ ಆ ಪೀಂ ಪೀಂ ಶಬ್ದಕ್ಕೆ ನಮ್ಮ ಸೀಮೆ ಹಸು ಬೆಚ್ಚಿ ಬೀಳ್ತದೆ" ಅಂತ ನನ್ನ ಮೇಲೆ ದೂರು ಹೇಳಿದರು. ಎರಡು ವಾರದಲ್ಲಿ ಹಸುವಿಗೆ ರೂಢಿಯಾಗುತ್ತದೆ ಎಂದು ಹೇಳಿ ಬಂದಿದ್ದೇನೆ.